16 ಗಂಟೆ ಹೋಯಿತು, ಒಂದು ವಾಕ್ಯ ಬಂತು: ಇಂಗ್ಲೆಂಡಿನ ಸಾಲಿಸಿಟರ್‌ಗಳಿಗೆ ಸಿಪಿಡಿ ಮಾರ್ಗದರ್ಶಿ

ಲಾ ಕಾಲೇಜಿನಲ್ಲಿ ಗೆಳೆಯರಿಗೆ ಪ್ರಾಕ್ಸಿ ಹಾಜರಿ ಕೂಗಿದವರಿಗೆ ಇಂಗ್ಲೆಂಡಿನ ಹಳೆಯ ಸಿಪಿಡಿ ಪದ್ಧತಿ ಬೇಗ ಅರ್ಥವಾಗುತ್ತದೆ. ವಕೀಲರಾದ ಮೇಲೂ ವರ್ಷ ವರ್ಷ ಕಲಿಯುತ್ತಿರಬೇಕು ಎನ್ನುವುದೇ ಸಿಪಿಡಿ. ಹಿಂದೆ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಕಕ್ಷಿದಾರರಿಗೆ ಸಲಹೆ ಕೊಟ್ಟು ಕಾಗದಪತ್ರ ನೋಡಿಕೊಳ್ಳುವ ವಕೀಲರಾದ ಸಾಲಿಸಿಟರ್‌ಗಳು ನವೆಂಬರ್ 1ರಿಂದ ಅಕ್ಟೋಬರ್ 31ರೊಳಗೆ 16 ಗಂಟೆ ತರಬೇತಿ ತೋರಿಸಬೇಕಿತ್ತು. ಏನು ಕಲಿತಿರಿ ಅಂತ ಯಾರೂ ಕೇಳುತ್ತಿರಲಿಲ್ಲ. ಎಷ್ಟು ಗಂಟೆ ಅಂತ ಮಾತ್ರ ಕೇಳುತ್ತಿದ್ದರು.

ನಾನು ಇಂಗ್ಲೆಂಡಿನಲ್ಲಿ ಪ್ಯಾರಾಲೀಗಲ್ (ವಕೀಲರ ಸಹಾಯಕಿ) ಆಗಿ ಸೇರಿದ್ದು ಆ ಪದ್ಧತಿಯ ಕೊನೆಗಾಲದಲ್ಲಿ. ಅಕ್ಟೋಬರ್ ಬಂತೆಂದರೆ ಆಫೀಸಿನಲ್ಲಿ ಪರೀಕ್ಷೆಯ ಹಿಂದಿನ ದಿನದ ಹಾಸ್ಟೆಲ್ ನೆನಪಾಗುತ್ತಿತ್ತು. ಮನೆ ಕೊಡುಕೊಳ್ಳುವ ಕೇಸುಗಳನ್ನು ಬಿಟ್ಟು ಬೇರೇನೂ ಮುಟ್ಟದ ಒಬ್ಬ ಸೀನಿಯರ್ ಹಡಗು ವಿಮೆಯ ಉಪನ್ಯಾಸಕ್ಕೆ ಹೋಗಿ ಬಂದರು. ಯಾಕೆ ಸಾರ್ ಅಂದೆ. ಸೀಟು ಖಾಲಿ ಇತ್ತು, ಮೂರು ಗಂಟೆ ಸಿಗುತ್ತಿತ್ತು, ಊಟವೂ ಚೆನ್ನಾಗಿತ್ತು ಅಂದರು.

2016ರ ನವೆಂಬರ್ 1ಕ್ಕೆ ಈ ಗಂಟೆ ಲೆಕ್ಕ ಪೂರ್ತಿ ನಿಂತಿತು. ಬೇಕಾದವರು 2015ರ ಏಪ್ರಿಲ್ 1ರಿಂದಲೇ ಹೊಸ ಪದ್ಧತಿಗೆ ಬರಬಹುದಿತ್ತು. ಸಾಲಿಸಿಟರ್‌ಗಳ ನಿಯಂತ್ರಣ ಸಂಸ್ಥೆ ಎಸ್‌ಆರ್‌ಎ ಈಗ ಗಂಟೆ ಕೇಳುವುದಿಲ್ಲ, ತರಬೇತಿ ಕೊಡುವವರಿಗೆ ಮಾನ್ಯತೆಯನ್ನೂ ಕೊಡುವುದಿಲ್ಲ. ಬದಲಿಗೆ ವರ್ಷಕ್ಕೊಮ್ಮೆ ಒಂದು ಘೋಷಣೆ ಮಾಡಿಸಿಕೊಳ್ಳುತ್ತದೆ. ನನ್ನ ವೃತ್ತಿಯ ಕೆಲಸವನ್ನು ಹಿಂತಿರುಗಿ ನೋಡಿದ್ದೇನೆ, ಅದರಲ್ಲಿ ಕಂಡ ಕಲಿಕೆಯ ಕೊರತೆಗಳನ್ನು ಸರಿಮಾಡಿಕೊಂಡಿದ್ದೇನೆ ಎಂಬುದು ಅದರ ಸಾರ.

ಬದಲಾಗಿ ಹತ್ತು ವರ್ಷವೇ ಆಗುತ್ತಾ ಬಂದರೂ ಇದನ್ನು ಸರಿಯಾಗಿ ಮಾಡುವವರು ಕಡಿಮೆ. ಊರಿಂದ ಎಸ್‌ಕ್ಯೂಇ ಎಂಬ, ಸಾಲಿಸಿಟರ್ ಆಗಲು ಬೇಕಾದ ಪರೀಕ್ಷೆ ಪಾಸು ಮಾಡಿ ಬರುವ ಹುಡುಗ ಹುಡುಗಿಯರಂತೂ ಮೊದಲ ಅಕ್ಟೋಬರ್‌ನಲ್ಲಿ ಫೋನ್ ಮಾಡಿ, 'ಅಕ್ಕಾ, ಎಷ್ಟು ಗಂಟೆ ಬೇಕು?' ಅಂತಲೇ ಶುರು ಮಾಡುತ್ತಾರೆ. ಅವರಿಗೆ ಹೇಳಿ ಹೇಳಿ ಸಾಕಾಗಿ ಇದನ್ನು ಬರೆದಿದ್ದೇನೆ.

1. ಇದು ನಿಮಗೆ ಅನ್ವಯವಾಗುತ್ತದಾ ನೋಡಿಕೊಳ್ಳಿ

ನಿಮ್ಮ ಹತ್ತಿರ ಇಂಗ್ಲೆಂಡ್ ಮತ್ತು ವೇಲ್ಸಿನ ಪ್ರಾಕ್ಟೀಸಿಂಗ್ ಸರ್ಟಿಫಿಕೇಟ್ (ವರ್ಷ ವರ್ಷ ನವೀಕರಿಸಬೇಕಾದ ವೃತ್ತಿ ಪರವಾನಗಿ) ಇದ್ದರೆ ಅನ್ವಯವಾಗುತ್ತದೆ. ಲಂಡನ್ನಿನಲ್ಲಿ ಕೂತಿದ್ದೀರೋ ಬೆಂಗಳೂರಿನ ಆಫೀಸಿನಿಂದ ಲಂಡನ್ನಿನ ಕೆಲಸ ಮಾಡುತ್ತಿದ್ದೀರೋ ಎನ್ನುವುದು ಮುಖ್ಯವಲ್ಲ. ಕಂಪನಿಯೊಳಗಿನ ಲೀಗಲ್ ವಿಭಾಗದವರಿಗೂ ಇದೇ ನಿಯಮ. ವಾರಕ್ಕೆ ಎರಡು ದಿನ ಕೆಲಸ ಮಾಡುವವರಿಗೂ ಇದೇ.

ಕೋರ್ಟಿನಲ್ಲಿ ವಾದ ಮಾಡುವ ಬ್ಯಾರಿಸ್ಟರ್ ಆಗಿದ್ದರೆ ನಿಮ್ಮ ನಿಯಂತ್ರಕರು ಬೇರೆ. ಅಲ್ಲಿ ಅನುಭವಿಗಳಿಗೆ 2017ರ ಜನವರಿಯಿಂದ ಗಂಟೆ ಲೆಕ್ಕ ಹೋಗಿದೆ, ಆದರೆ ಲಿಖಿತ ಯೋಜನೆ ಕಡ್ಡಾಯ. ಸ್ಕಾಟ್ಲೆಂಡಿನ ಸಾಲಿಸಿಟರ್‌ಗಳಿಗೆ ಇವತ್ತಿಗೂ ವರ್ಷಕ್ಕೆ 20 ಗಂಟೆಯ ನಿಯಮವಿದೆ. ಎಡಿನ್‌ಬರಾದ ಗೆಳೆಯರ ಮಾತು ಕೇಳಿ ಗಾಬರಿಯಾಗಬೇಡಿ.

2. ನಿಮ್ಮನ್ನು ಕಟ್ಟಿಹಾಕುವ ನಿಯಮ ಓದಿ

ಎರಡೇ ನಿಮಿಷದ ಕೆಲಸ. 2019ರ ನವೆಂಬರ್ 25ರಿಂದ ಜಾರಿಯಲ್ಲಿರುವ ಸಾಲಿಸಿಟರ್‌ಗಳ ನಡತೆ ಸಂಹಿತೆಯ 3.3ನೇ ಕಲಂ ತೆಗೆಯಿರಿ. ಕೆಲಸ ಮಾಡಲು ಬೇಕಾದ ಸಾಮರ್ಥ್ಯ ಉಳಿಸಿಕೊಳ್ಳಬೇಕು, ತಿಳಿವಳಿಕೆ ಮತ್ತು ಕೌಶಲ ಹೊಸದಾಗಿರಬೇಕು ಎನ್ನುತ್ತದೆ ಅದು. ನಿಮ್ಮ ಕೈಕೆಳಗೆ ಯಾರಾದರೂ ಇದ್ದರೆ 3.6ನ್ನೂ ಓದಿ. ಅವರ ಸಾಮರ್ಥ್ಯಕ್ಕೂ ನೀವು ಹೊಣೆ.

ಇದರ ಜೊತೆಗೆ ಸಾಲಿಸಿಟರ್ ಸಾಮರ್ಥ್ಯದ ಪಟ್ಟಿ ಅಂತ ಒಂದು ಇದೆ. ಅದರಲ್ಲಿ ನಾಲ್ಕು ಭಾಗ. ಎ ಎಂದರೆ ನೈತಿಕತೆ ಮತ್ತು ವಿವೇಚನೆ. ಬಿ ಕಾನೂನಿನ ಕೆಲಸ. ಸಿ ಬೇರೆಯವರ ಜೊತೆ ಕೆಲಸ ಮಾಡುವುದು, ಕಕ್ಷಿದಾರರ ಜೊತೆ ಮಾತಾಡುವುದೂ ಇದರಲ್ಲೇ ಬರುತ್ತದೆ. ಡಿ ನಿಮ್ಮನ್ನೂ ನಿಮ್ಮ ಕೆಲಸವನ್ನೂ ನಿಭಾಯಿಸಿಕೊಳ್ಳುವುದು. ನಾವೆಲ್ಲ ಬಿ ಭಾಗವೊಂದನ್ನೇ ಸಿಪಿಡಿ ಅಂದುಕೊಂಡಿರುತ್ತೇವೆ. ಪಟ್ಟಿಯ ಒಂದು ಪ್ರತಿ ಪ್ರಿಂಟ್ ಮಾಡಿ ಇಟ್ಟುಕೊಳ್ಳಿ, ಮುಂದಿನ ಹಂತಕ್ಕೆ ಬೇಕು.

3. ಹಿಂತಿರುಗಿ ನೋಡಿ

ಇಡೀ ಪದ್ಧತಿಯಲ್ಲಿ ಕಷ್ಟದ ಕೆಲಸ ಇದೊಂದೇ. ಎಲ್ಲರೂ ಹಾರಿಸಿ ಮುಂದಕ್ಕೆ ಹೋಗುವುದೂ ಇದನ್ನೇ. ಕೋರ್ಸ್ ಬುಕ್ ಮಾಡುವುದು ಸುಲಭ. ನನಗೆ ಏನು ಗೊತ್ತಿಲ್ಲ ಅಂತ ಬರೆಯುವುದು ವಕೀಲರ ಜಾಯಮಾನಕ್ಕೇ ಒಗ್ಗದ ಮಾತು, ಅಲ್ವಾ?

ಸುಮ್ನೆ ಕಣ್ಣು ಮುಚ್ಚಿ ಕೂತರೆ ಏನೂ ಹೊಳೆಯುವುದಿಲ್ಲ. ಎದುರಿಗೆ ಸಾಮಗ್ರಿ ಬೇಕು. ನಾನು ಇವನ್ನು ತೆಗೆದಿಟ್ಟುಕೊಳ್ಳುತ್ತೇನೆ: ಕಳೆದ ಆರು ತಿಂಗಳ ಫೈಲುಗಳ ಪಟ್ಟಿ, ಕಕ್ಷಿದಾರರ ದೂರುಗಳು, ಫೈಲ್ ತಪಾಸಣೆಯಲ್ಲಿ ಬಂದ ಟಿಪ್ಪಣಿಗಳು, ಬಿಲ್ಲಿನ ಬಗ್ಗೆ ಆದ ಜಗಳಗಳು, ಮತ್ತೆ ನಾನು ಸಹೋದ್ಯೋಗಿಗಳಿಗೆ ಕಳಿಸಿದ 'ಒಂದು ನಿಮಿಷ ಸಿಗುತ್ತೀರಾ?' ಎಂಬ ಮೆಸೇಜುಗಳು. ಈ ಕೊನೆಯದನ್ನು ಯಾರೂ ಹೇಳಿಕೊಡುವುದಿಲ್ಲ. ಆದರೆ ಒಂದೇ ವಿಷಯ ನಾಲ್ಕು ಸಲ ಕೇಳಿದ್ದೀರಿ ಎಂದರೆ ಅದೇ ನಿಮ್ಮ ಕೊರತೆ. ಬೇರೆ ಪುರಾವೆ ಬೇಡ.

ಆಮೇಲೆ ಪ್ರತಿ ಫೈಲಿಗೂ ಮೂರು ಪ್ರಶ್ನೆ. ಎಲ್ಲಿ ತಡವಾಯಿತು? ಎಲ್ಲಿ ನನಗೇ ಖಾತ್ರಿ ಇರಲಿಲ್ಲ? ಎಲ್ಲಿ ಕಕ್ಷಿದಾರರಿಗೆ ಆಶ್ಚರ್ಯವಾಯಿತು?

ನನ್ನದೇ ಒಂದು ಉದಾಹರಣೆ ಹೇಳುತ್ತೇನೆ. 2025ರ ಏಪ್ರಿಲ್ 1ಕ್ಕೆ ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರ ಸ್ಟ್ಯಾಂಪ್ ತೆರಿಗೆಯ ಮಿತಿಗಳು ಇಳಿದವು. ಮೊದಲ ಮನೆ ಕೊಳ್ಳುವವರಿಗೆ 4,25,000 ಪೌಂಡಿನವರೆಗೆ ಇದ್ದ ವಿನಾಯಿತಿ 3,00,000ಕ್ಕೆ ಬಂತು. ಅಂದರೆ ಮಾರ್ಚ್ 31ರೊಳಗೆ ವ್ಯವಹಾರ ಮುಗಿದರೆ 4,00,000 ಪೌಂಡಿನ ಮನೆಗೆ ತೆರಿಗೆ ಸೊನ್ನೆ. ಒಂದು ದಿನ ತಡವಾದರೆ 5,000 ಪೌಂಡು. ಒಪ್ಪಂದಕ್ಕೆ ಮೊದಲೇ ಸಹಿ ಬಿದ್ದಿತ್ತು ಅಂದರೆ ಸಾಲದು, ವ್ಯವಹಾರ ಪೂರ್ತಿಯಾಗುವ ದಿನವೇ ಲೆಕ್ಕ.

ಇದು ನನಗೆ ಚೆನ್ನಾಗಿ ಗೊತ್ತಿತ್ತು. ಪತ್ರದಲ್ಲಿ ಬರೆದೂ ಇದ್ದೆ. ಆದರೂ ಒಬ್ಬ ಯುವ ದಂಪತಿ ಮಾರ್ಚ್ ಕೊನೆಯ ವಾರ ಸಾಲದ ಕಾಗದ ತಡಮಾಡಿ, ಏಪ್ರಿಲ್‌ಗೆ ಜಾರಿ, ತೆರಿಗೆಯ ಮೊತ್ತ ನೋಡಿ ಕಂಗಾಲಾದರು. 'ಮೇಡಂ, ನಮಗೆ ಯಾರೂ ಹೇಳಲೇ ಇಲ್ಲ' ಅಂದರು. ಪತ್ರ ತೆಗೆದು ನೋಡಿದೆ. ಹೇಳಿದ್ದೆ. ಆರನೇ ಪುಟದಲ್ಲಿ, ಉದ್ದದ ವಾಕ್ಯದ ಮಧ್ಯದಲ್ಲಿ, ಲಾಯರ್ ಭಾಷೆಯಲ್ಲಿ.

ಹಳೆಯ ಪದ್ಧತಿ ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆ? ಸ್ಟ್ಯಾಂಪ್ ತೆರಿಗೆಯ ಬಗ್ಗೆ ಮೂರು ಗಂಟೆಯ ಕೋರ್ಸಿಗೆ ಹೋಗುತ್ತಿದ್ದೆ. ಗೊತ್ತಿರುವುದನ್ನೇ ಮತ್ತೆ ಕೇಳಿ ಸರ್ಟಿಫಿಕೇಟ್ ತರುತ್ತಿದ್ದೆ. ಕೊರತೆ ಇದ್ದದ್ದು ಬಿ ಭಾಗದಲ್ಲಿ ಅಲ್ಲ, ಸಿ ಭಾಗದಲ್ಲಿ. ನನಗೆ ಕಾನೂನು ಬರುತ್ತಿತ್ತು, ಅದನ್ನು ದಾಟಿಸಲು ಬರುತ್ತಿರಲಿಲ್ಲ. ಹೊಸ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಇದೇ. ಹಳೆಯದು ಕೋರ್ಸಿನಿಂದ ಶುರುವಾಗುತ್ತಿತ್ತು, ಇದು ತಪ್ಪಿನಿಂದ ಶುರುವಾಗುತ್ತದೆ.

ಎ ಭಾಗವನ್ನು ಮಾತ್ರ 'ನಾನು ಪ್ರಾಮಾಣಿಕ, ನನಗೇನು' ಅಂತ ಬಿಡಬೇಡಿ. ಬ್ರಿಟನ್ನಿನ ಪೋಸ್ಟ್ ಆಫೀಸಿನ ಹೊರೈಜನ್ ಪ್ರಕರಣ ಇಲ್ಲಿ ಎಲ್ಲರಿಗೂ ಗೊತ್ತು. ದೋಷವಿದ್ದ ಕಂಪ್ಯೂಟರ್ ಲೆಕ್ಕ ನಂಬಿ 900ಕ್ಕೂ ಹೆಚ್ಚು ಉಪ ಅಂಚೆ ಮಾಸ್ತರರಿಗೆ ಶಿಕ್ಷೆಯಾಯಿತು. ಆಮೇಲೆ ಇದರ ಬಗ್ಗೆ ನಡೆದ ಸಾರ್ವಜನಿಕ ವಿಚಾರಣೆಯಲ್ಲಿ ವಕೀಲರೂ ಸಾಕ್ಷಿ ಕಟ್ಟೆಯಲ್ಲಿ ನಿಂತು ಉತ್ತರ ಕೊಡಬೇಕಾಯಿತು. ಸಂಬಳ ಕೊಡುವವರಿಗೆ 'ಇದು ತಪ್ಪು' ಅಂತ ಹೇಳುವ ಅಭ್ಯಾಸ ನನಗಿದೆಯಾ? ಇದೂ ಬರೆಯಬೇಕಾದ ಪ್ರಶ್ನೆಯೇ.

4. ಯೋಜನೆ ಚಿಕ್ಕದಾಗಿರಲಿ

ಒಂದು ಹಾಳೆ ಸಾಕು. ಪ್ರತಿ ಸಾಲಿನಲ್ಲಿ ನಾಲ್ಕು ವಿಷಯ: ಕೊರತೆ ಏನು, ಅದು ಎಲ್ಲಿ ಕಂಡಿತು, ಹೇಗೆ ಸರಿಮಾಡುತ್ತೇನೆ, ಯಾವಾಗ. ನಾಲ್ಕೈದು ಸಾಲು ಇರಲಿ. ಇಪ್ಪತ್ತು ಸಾಲು ಬರೆದವರು ಒಂದನ್ನೂ ಮುಗಿಸುವುದಿಲ್ಲ. ಇದು ಅನುಭವದ ಮಾತು.

ಕಾನೂನಿನಲ್ಲಿ ಬಂದ, ಬರಲಿರುವ ಬದಲಾವಣೆಗೂ ಒಂದು ಸಾಲು ಮೀಸಲಿಡಿ. ಬಾಡಿಗೆ ಮನೆಗಳ ಕೆಲಸ ಮಾಡುವವರಿಗೆ 2025ರ ಬಾಡಿಗೆದಾರರ ಹಕ್ಕುಗಳ ಕಾಯಿದೆ ಇದೆ. ಇಂಗ್ಲೆಂಡಿನ ಮನೆ ಮಾಲೀಕರು ಕಾರಣ ಹೇಳದೆ ಮನೆ ಬಿಡಿಸುತ್ತಿದ್ದ ಸೆಕ್ಷನ್ 21ರ ನೋಟಿಸಿಗೆ 2026ರ ಮೇ 1ರಿಂದ ಅವಕಾಶವಿಲ್ಲ. ವೀಸಾ ಕೆಲಸದವರಿಗಂತೂ ಬಿಡುವೇ ಇಲ್ಲ. ಕೆಲಸಕ್ಕೆಂದು ಬ್ರಿಟನ್ನಿಗೆ ಬರುವವರ ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ಸಂಬಳ ಮಿತಿ 2024ರ ಏಪ್ರಿಲ್‌ನಲ್ಲಿ 26,200 ಪೌಂಡಿನಿಂದ 38,700ಕ್ಕೆ ಹಾರಿತು, 2025ರ ಜುಲೈನಲ್ಲಿ 41,700ಕ್ಕೆ. ಇಲ್ಲಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ ಲಾಯರ್ ಅಂತ ಗೊತ್ತಾದರೆ ಸಾಕು, ಹೋಳಿಗೆ ಎಲೆಗೆ ಬೀಳುವ ಮೊದಲೇ ಈ ಪ್ರಶ್ನೆ ಬೀಳುತ್ತದೆ. ಅದು ನಿಮ್ಮ ಕ್ಷೇತ್ರ ಅಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಹಾಗೆ ಅನ್ನುವುದೂ ಸಾಮರ್ಥ್ಯದ ಭಾಗವೇ.

5. ಕಲಿಯಿರಿ, ದುಡ್ಡು ಖರ್ಚು ಮಾಡಲೇಬೇಕು ಅಂತಿಲ್ಲ

ಯಾವ ರೀತಿಯಲ್ಲಿ ಕಲಿತರೂ ನಡೆಯುತ್ತದೆ. ತೀರ್ಪು ಓದುವುದು, ಸೀನಿಯರ್ ಜೊತೆ ಫೈಲ್ ಹಿಡಿದು ಕೂರುವುದು, ಜೂನಿಯರ್‌ಗೆ ಪಾಠ ಹೇಳುವುದು, ಎಲ್ಲವೂ ಸೇರುತ್ತವೆ. ಪಾಠ ಹೇಳುವುದನ್ನು ಜಾಸ್ತಿ ಮಾಡಿ ಅನ್ನುತ್ತೇನೆ. ಹೇಳಿಕೊಡಲು ಕೂತಾಗಲೇ ನಮ್ಮ ಬಂಡವಾಳ ಎಷ್ಟು ಅಂತ ಗೊತ್ತಾಗುವುದು.

ಉಚಿತವಾಗಿ ಸಿಗುವುದು ಬೇಕಾದಷ್ಟಿದೆ. ಬ್ರಿಟನ್ನಿನ ಸರ್ಕಾರಿ ದಾಖಲೆಗಳ ಭಂಡಾರವಾದ ನ್ಯಾಷನಲ್ ಆರ್ಕೈವ್ಸ್ ತೀರ್ಪುಗಳನ್ನು ಬಿಟ್ಟಿಯಾಗಿ ಇಟ್ಟಿದೆ. ಆಸ್ತಿ ನೋಂದಣಿ ನೋಡಿಕೊಳ್ಳುವ ಲ್ಯಾಂಡ್ ರಿಜಿಸ್ಟ್ರಿಯ ಮಾರ್ಗದರ್ಶಿಗಳೂ ಬಿಟ್ಟಿ. 'ಎಸ್‌ಆರ್‌ಎ ಮಾನ್ಯತೆ ಪಡೆದ ಸಿಪಿಡಿ' ಅಂತ ಯಾರಾದರೂ ಈಗಲೂ ಜಾಹೀರಾತು ಕೊಟ್ಟರೆ ನಿಮ್ಮ ಪರ್ಸಿನ ಮೇಲೆ ಕೈ ಇಟ್ಟುಕೊಳ್ಳಿ. ಅಂಥ ಮಾನ್ಯತೆ ಈಗ ಇಲ್ಲ.

ನನ್ನ ಪತ್ರದ ಸಮಸ್ಯೆಗೆ ನಾನು ಕೋರ್ಸಿಗೆ ಹೋಗಲಿಲ್ಲ. ನನ್ನ ಮಾದರಿ ಪತ್ರವನ್ನು ನಮ್ಮ ರಿಸೆಪ್ಶನ್‌ನಲ್ಲಿ ಕೂರುವ ಹುಡುಗಿಗೆ ಓದಲು ಕೊಟ್ಟೆ. ಅರ್ಥವಾಗದ ಕಡೆ ಪೆನ್ಸಿಲ್ ಗೆರೆ ಎಳೆ ಅಂದೆ. ಮೊದಲ ಪುಟದಲ್ಲೇ ಹನ್ನೊಂದು ಗೆರೆ. ಪತ್ರವನ್ನು ಮೂರು ಸಲ ತಿದ್ದಿದೆ. ಈಗ ಕೊನೆಯ ದಿನಾಂಕ, ತಪ್ಪಿದರೆ ಎಷ್ಟು ದುಡ್ಡು, ಇವೆರಡೂ ಮೊದಲ ಸಾಲಿನಲ್ಲೇ ಇರುತ್ತವೆ.

ಎಐ ಬಗ್ಗೆಯೂ ಒಂದು ಮಾತು. ಕಾನೂನು ಕಲಿಯಲು ಚಾಟ್‌ಬಾಟ್ ಕೇಳುವವರು ಹೆಚ್ಚಾಗಿದ್ದಾರೆ. 2025ರ ಜೂನ್ 6ರಂದು ಲಂಡನ್ನಿನ ಹೈಕೋರ್ಟ್ ಐಂಡೆ ಮತ್ತು ಹ್ಯಾರಿಂಗೆ ಪ್ರಕರಣದಲ್ಲಿ ಕೊಟ್ಟ ತೀರ್ಪು ಓದಿ. ಅದರ ಜೊತೆಗೆ ವಿಚಾರಣೆಯಾದ ಇನ್ನೊಂದು ಕೇಸಿನಲ್ಲಿ ವಕೀಲರು ಕೊಟ್ಟ 45 ಉಲ್ಲೇಖಗಳ ಪೈಕಿ 18 ತೀರ್ಪುಗಳು ಈ ಭೂಮಿಯ ಮೇಲೆ ಇರಲೇ ಇಲ್ಲ. ಕಕ್ಷಿದಾರರೇ ಹುಡುಕಿಕೊಟ್ಟಿದ್ದನ್ನು ಅವರ ಸಾಲಿಸಿಟರ್ ಪರಿಶೀಲಿಸದೆ ಹಾಗೇ ಸಲ್ಲಿಸಿದ್ದರು. ಹುಡುಕಿದ್ದನ್ನು ಮೂಲದಲ್ಲಿ ಪರಿಶೀಲಿಸುವುದು ವಕೀಲರ ಕರ್ತವ್ಯ ಅಂತ ಕೋರ್ಟ್ ಖಡಾಖಂಡಿತವಾಗಿ ಹೇಳಿತು. ಈ ತೀರ್ಪನ್ನು ಓದಿ ನಿಮ್ಮ ಆಫೀಸಿನ ಪದ್ಧತಿ ಬದಲಿಸಿಕೊಂಡರೆ ಅದೇ ಒಳ್ಳೆಯ ಸಿಪಿಡಿ.

6. ಬರೆದಿಡಿ

ಇಂಥದ್ದೇ ನಮೂನೆಯಲ್ಲಿ ದಾಖಲೆ ಇಡಬೇಕು ಎಂಬ ನಿಯಮ ಸಾಲಿಸಿಟರ್‌ಗಳಿಗಿಲ್ಲ. ಆದರೂ ಇಡಿ. ಎಸ್‌ಆರ್‌ಎ ಕೆಲವು ಕ್ಷೇತ್ರಗಳನ್ನು ಆರಿಸಿಕೊಂಡು ತರಬೇತಿ ದಾಖಲೆ ಕೇಳಿ ನೋಡುತ್ತದೆ. ಕಾನೂನು ವೃತ್ತಿಯ ಎಲ್ಲ ನಿಯಂತ್ರಕರ ಮೇಲಿರುವ ಲೀಗಲ್ ಸರ್ವಿಸಸ್ ಬೋರ್ಡ್, ಇರುವ ವಕೀಲರ ಸಾಮರ್ಥ್ಯ ಉಳಿದಿದೆಯಾ ಅಂತ ನೋಡಿಕೊಳ್ಳಬೇಕು ಎಂದು 2022ರ ಜುಲೈನಲ್ಲಿ ನೀತಿ ಹೊರಡಿಸಿದ ಮೇಲೆ ಈ ನಿಗಾ ಹೆಚ್ಚಾಗಿದೆ. ಯಾರೋ ದೂರು ಕೊಟ್ಟಾಗ ನಿಮ್ಮ ಕೈಯಲ್ಲಿರುವ ಕಾಗದ ಅದೊಂದೇ ಆಗಿರಬಹುದು.

ನನ್ನ ಒಂದು ದಾಖಲೆ ಹೀಗಿದೆ:

'ಏಪ್ರಿಲ್ 2025. ಕಂಡದ್ದು: ತೆರಿಗೆಯ ಗಡುವು ಪತ್ರದಲ್ಲಿ ಇದ್ದರೂ ಕಕ್ಷಿದಾರರಿಗೆ ಮುಟ್ಟಿಲ್ಲ. ಭಾಗ ಸಿ. ಮಾಡಿದ್ದು: ಮಾದರಿ ಪತ್ರ ವಕೀಲರಲ್ಲದವರಿಂದ ಓದಿಸಿ ತಿದ್ದಿದೆ. ಗಡುವಿಗೆ ಎರಡು ವಾರ ಮೊದಲು ಫೋನ್ ಮಾಡುವ ಪದ್ಧತಿ ಶುರು. ಫಲ: ಜುಲೈನಲ್ಲಿ ಹತ್ತು ಫೈಲ್ ನೋಡಿದೆ, ಒಂಬತ್ತರಲ್ಲಿ ಫೋನ್ ಮಾಡಿದ ಟಿಪ್ಪಣಿ ಇದೆ, ಒಂದರಲ್ಲಿ ಮರೆತಿದ್ದೇನೆ.'

ಇದರಲ್ಲಿ ಗಂಟೆ ಎಲ್ಲೂ ಇಲ್ಲ ನೋಡಿ. ಕಕ್ಷಿದಾರರ ಹೆಸರೂ ಇಲ್ಲ. ಗೋಪ್ಯತೆಯ ಕರ್ತವ್ಯ ಸಿಪಿಡಿ ದಾಖಲೆಗೂ ಅನ್ವಯಿಸುತ್ತದೆ. ಇನ್ನು 'ಫಲ' ಎಂಬ ಸಾಲು ಬಿಡಬೇಡಿ. 'ತುಂಬಾ ಉಪಯುಕ್ತವಾಗಿತ್ತು' ಅಂತ ಬರೆದರೆ ಅದು ಮದುವೆ ಮನೆಯ ಅಡುಗೆಯ ಬಗ್ಗೆ ಹೇಳುವ ಮಾತಾಗುತ್ತದೆ. ಕೆಲಸದಲ್ಲಿ ಏನು ಬದಲಾಯಿತು ಅಂತ ಬರೆಯಿರಿ. ಬದಲಾಗದಿದ್ದರೆ ಅದನ್ನೇ ಬರೆಯಿರಿ.

ಆದ ಕೂಡಲೇ ಬರೆಯುವುದು ಒಳ್ಳೆಯದು. ನಾನು ತಿಂಗಳ ಕೊನೆಯ ಶುಕ್ರವಾರ ಅರ್ಧ ಗಂಟೆ ಇದಕ್ಕೆ ಕೂರುತ್ತೇನೆ.

7. ಅಕ್ಟೋಬರ್‌ನ ಘೋಷಣೆ

ಪ್ರಾಕ್ಟೀಸಿಂಗ್ ಸರ್ಟಿಫಿಕೇಟ್ ನವೀಕರಣ ಅಕ್ಟೋಬರ್ 1ರಿಂದ 31ರವರೆಗೆ ಆನ್‌ಲೈನ್‌ನಲ್ಲಿ ನಡೆಯುತ್ತದೆ. ಘೋಷಣೆ ಆ ಅರ್ಜಿಯ ಒಳಗೇ ಇದೆ. ಕೆಲವು ಸಂಸ್ಥೆಗಳು ಎಲ್ಲರ ಪರವಾಗಿ ಒಟ್ಟಿಗೆ ಅರ್ಜಿ ಹಾಕುತ್ತವೆ. ಆಗ ಎಚ್‌ಆರ್‌ನವರು ಸೆಪ್ಟೆಂಬರ್‌ನಲ್ಲಿ 'ಎಲ್ಲ ಸರಿ ಇದೆ ತಾನೇ?' ಅಂತ ಇಮೇಲ್ ಕಳಿಸುತ್ತಾರೆ. 'ಹೌದು' ಅಂತ ಉತ್ತರಿಸುವ ಮೊದಲು ನಿಮ್ಮ ಹಾಳೆ ತೆಗೆದು ನೋಡಿ. ಆ ಹೌದು ನಿಮ್ಮದೇ.

ಸುಳ್ಳು ಘೋಷಣೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಪಿಡಿ ಮಾಡದಿರುವುದು ಸಾಮರ್ಥ್ಯದ ಪ್ರಶ್ನೆ. ಮಾಡದೆ ಮಾಡಿದ್ದೇನೆ ಅನ್ನುವುದು ಪ್ರಾಮಾಣಿಕತೆಯ ಪ್ರಶ್ನೆ, ಅದು ಸನದಿಗೇ ಕುತ್ತು ತರುವ ವಿಷಯ.

ಹೆರಿಗೆ ರಜೆಯಲ್ಲಿದ್ದು ವಾಪಸಾಗುವವರು ಕೇಳುತ್ತಾರೆ. ರಜೆಯಲ್ಲಿ ಓದುತ್ತಾ ಕೂರಬೇಕಾಗಿಲ್ಲ. ವಾಪಸು ಬಂದಾಗ ಆ ಅವಧಿಯಲ್ಲಿ ಏನೇನು ಬದಲಾಯಿತು ಎನ್ನುವುದೇ ನಿಮ್ಮ ಮೊದಲ ಕೊರತೆಯ ಪಟ್ಟಿ. ಮೊದಲ ಎರಡು ವಾರ ಅದಕ್ಕೆ ಸಮಯ ಕೇಳಿ ತೆಗೆದುಕೊಳ್ಳಿ.

ಊರಿನ ವಕೀಲ ಮಿತ್ರರು ಇದನ್ನೆಲ್ಲ ಕೇಳಿ ನಗುತ್ತಾರೆ. ಭಾರತದಲ್ಲಿ ಅಡ್ವೊಕೇಟರಿಗೆ ವರ್ಷಕ್ಕಿಷ್ಟು ಅಂತ ಕಡ್ಡಾಯ ಕಲಿಕೆ ಇಲ್ಲ. ಆದರೆ 2024ರ ಜುಲೈ 1ಕ್ಕೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಾಗ, 302 ಅಂತ ನಾಲಿಗೆಯ ಮೇಲೆ ಕೂತಿದ್ದನ್ನು 103 ಅಂತ, 420ನ್ನು 318 ಅಂತ ತಿದ್ದಿಕೊಂಡಿದ್ದು ಯಾರೂ ಗಂಟೆ ಎಣಿಸಿದ್ದಕ್ಕಲ್ಲ. ಮರುದಿನ ಕೋರ್ಟಿನಲ್ಲಿ ನಿಲ್ಲಬೇಕಿತ್ತು, ಅದಕ್ಕೆ. ಕೈಯಲ್ಲಿ ಎರಡು ಕಾಲಂ ಹೋಲಿಕೆ ಪಟ್ಟಿ, ಅಕ್ಕಪಕ್ಕದವರನ್ನು ಕೇಳಿಕೊಂಡು ಕಲಿತರು. ಅದನ್ನು ಯಾರೂ ಬರೆದಿಡಲಿಲ್ಲ, ಅಷ್ಟೇ ವ್ಯತ್ಯಾಸ.

8. ಅಕ್ಟೋಬರ್ 25 ಆಗಿದೆ, ಹಾಳೆ ಖಾಲಿ ಇದೆ

ಇದನ್ನು ಓದುತ್ತಿರುವ ಅರ್ಧ ಜನ ಇಲ್ಲಿಗೇ ನೇರ ಬಂದಿರುತ್ತೀರಿ.

ಹಿಂದಿನ ದಿನಾಂಕ ಹಾಕಿ ಏನನ್ನೂ ಬರೆಯಬೇಡಿ. ಇವತ್ತಿನ ದಿನಾಂಕವನ್ನೇ ಹಾಕಿ. ಡೈರಿ, ಇಮೇಲ್, ಫೈಲ್ ಟಿಪ್ಪಣಿ ತೆಗೆದು ವರ್ಷದಲ್ಲಿ ನಿಜವಾಗಿ ಕಲಿತದ್ದನ್ನು ಪಟ್ಟಿ ಮಾಡಿ. ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಆಮೇಲೆ 3ನೇ ಹಂತದ ಮೂರು ಪ್ರಶ್ನೆಗಳನ್ನು ಹತ್ತು ಫೈಲುಗಳಿಗೆ ಕೇಳಿ. ಕಂಡ ಕೊರತೆಗಳಲ್ಲಿ ಈ ವಾರವೇ ಸರಿಮಾಡಬಹುದಾದದ್ದನ್ನು ಮಾಡಿ ಮುಗಿಸಿ. ಎರಡು ಸಂಜೆಯ ಕೆಲಸ.

ಅಷ್ಟು ಮಾಡಿಯೂ ಘೋಷಣೆಯ ವಾಕ್ಯವನ್ನು ನೆಟ್ಟಗೆ ಹೇಳಲು ಆಗದಿದ್ದರೆ ಟಿಕ್ ಹಾಕಬೇಡಿ. 31ರ ರಾತ್ರಿಯವರೆಗೂ ಕಾಯಬೇಡಿ. ಸಂಸ್ಥೆಯ ನಿಯಮಪಾಲನೆ ನೋಡುವವರ ಜೊತೆ ಅವತ್ತೇ ಮಾತಾಡಿ. ಒಬ್ಬರೇ ಪ್ರಾಕ್ಟೀಸ್ ಮಾಡುವವರಾದರೆ ಎಸ್‌ಆರ್‌ಎಯ ವೃತ್ತಿ ನೈತಿಕತೆ ಸಹಾಯವಾಣಿಗೆ ಫೋನ್ ಮಾಡಿ, ಇರುವ ವಿಷಯ ಇದ್ದಂತೆ ಹೇಳಿ, ಏನು ಮಾಡಲಿ ಅಂತ ಕೇಳಿ.